ಬಾಗದ ಬೊಂಬೆ

ಜಯಮಾಲಾಳ ಬಂದೂಕಿನಲ್ಲಿ ಉಳಿದಿದ್ದು ಒಂದೇ ಗುಂಡು. ಎದುರಿಗೆ ಪಿಶಾಚಿ ತೆವಳುತ್ತ ಬರುತ್ತಿತ್ತು.

ಹುಬ್ಬಳ್ಳಿ ಹೊರವಲಯದ ತಾರಿಹಾಳದ ತಗಡಿನ ಶೆಡ್ಡೊಂದರಲ್ಲಿ, ಪ್ಲೈವುಡ್ ಗೂಡಿನೊಳಗೆ, ಕಂಪ್ಯೂಟರ್ ಪರದೆಯ ಮುಂದೆ ಕೂತಿದ್ದೇನೆ ಎನ್ನುವುದು ಅವಳಿಗೆ ಅರೆಗಳಿಗೆ ಮರೆತೇ ಹೋಗಿತ್ತು. ಆಟದ ಹೆಸರು ‘ಗಿರಣಿ’. ಪಾಳುಬಿದ್ದ ಅರಳೆ ಗಿರಣಿಯೊಳಗೆ ಸಿಕ್ಕಿಬಿದ್ದ ನಾಲ್ವರು ಒಬ್ಬರಿಗೊಬ್ಬರು ಆಸರೆಯಾಗಿ, ಪಿಶಾಚಿಗಳನ್ನು ಹೊಡೆದುರುಳಿಸುತ್ತ, ಜೀವ ಉಳಿಸಿಕೊಂಡು ಹೊರಬರಬೇಕು. ಒಬ್ಬ ಬಿದ್ದರೆ ಇನ್ನೊಬ್ಬ ಬಂದು ಎಬ್ಬಿಸಬೇಕು. ಈಗ ನಡೆದಿದ್ದು ಅದರ ಮೌನದ ಭಾಗ. ಬಾಯಿ ಬಿಟ್ಟರೆ ಮೈಕಿಗೆ ಕೇಳಿಸುತ್ತದೆ, ಮೈಕಿಗೆ ಕೇಳಿಸಿದರೆ ಪಿಶಾಚಿ ಅತ್ತಲೇ ಬರುತ್ತದೆ. ಹೀಗಾಗಿ ನಾಲ್ಕು ಗೂಡುಗಳಲ್ಲಿ ಕೂತ ನಾಲ್ವರೂ ಪಿಟ್ಟೆನ್ನುತ್ತಿರಲಿಲ್ಲ.

ಅವಳೇನು ಆಟದ ಹುಚ್ಚಿಗೆ ಬಂದವಳಲ್ಲ. ಪೊಲೀಸ್ ನೌಕರಿಯನ್ನು ಸಾಹೇಬರ ಮೇಜಿನ ಮೇಲೆ ಒಗೆದು, ಹಳೇ ಹುಬ್ಬಳ್ಳಿಯ ಟೇಲರ್ ಅಂಗಡಿಯೊಂದರ ಮಾಳಿಗೆಯಲ್ಲಿ ಪತ್ತೇದಾರಿಕೆಯ ಬೋರ್ಡು ಹಾಕಿಕೊಂಡವಳು. ಹೋದ ವಾರ ಇದೇ ಕುರ್ಚಿಯಲ್ಲಿ ಕೂತು ಆಟದ ಪರೀಕ್ಷೆ ಮಾಡುತ್ತಿದ್ದ ಪ್ರತಾಪ ನಡುವೆಯೇ ಎದ್ದುಹೋಗಿ, ಶೆಡ್ಡಿನ ಹಿಂದಿನ ಜನರೇಟರ್ ಕೋಣೆಯಲ್ಲಿ ಹೊಗೆ ಕುಡಿದು ಸತ್ತಿದ್ದ. ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಜನರೇಟರ್ ನೋಡಿಕೊಳ್ಳುವ ಕಮರುದ್ದೀನನನ್ನು ಪೊಲೀಸರು ಈ ಬೆಳಗ್ಗೆ ಎತ್ತಿಕೊಂಡು ಹೋಗಿದ್ದರು. ನಾಳೆ ಕೋರ್ಟು, ಅಲ್ಲಿಂದ ಜೈಲು. ಅವನ ಮಗಳು ಅಬೀದಾ ಈಗ ಜಯಮಾಲಾಳ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.

ಪಿಶಾಚಿ ಬೆಳಕಿಗೆ ಬಂದು ಮುಖ ಎತ್ತಿತು. ಎಡಗೆನ್ನೆಯ ಮೇಲೆ ಹುಣಸೆಬೀಜದಷ್ಟು ಮಚ್ಚೆ. ಮುಂದಿನ ಹಲ್ಲು ತುಸು ಮುರಿದಿತ್ತು.

ಅದು ಸತ್ಯವ್ವನ ಮುಖ. ಜಯಮಾಲಾಳ ಒಡಹುಟ್ಟಿದ ಅಕ್ಕ, ಧಾರವಾಡದಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಲೇ ತಲೆ ಹಣ್ಣಾಗಿಸಿಕೊಂಡ ಸತ್ಯವ್ವ ಟೀಚರ್, ಪರದೆಯ ಮೇಲೆ ಬಾಯಿಂದ ರಕ್ತ ಸುರಿಸುತ್ತ ಹಲ್ಲು ಕಿರಿಯುತ್ತಿದ್ದಳು.

ಜಯಮಾಲಾಳ ಬೆರಳು ಅಲ್ಲಾಡಲಿಲ್ಲ. ಪಿಶಾಚಿ ಹಾರಿ ಮೇಲೆ ಬಿತ್ತು, ಪರದೆಯ ಮೇಲಿನ ಅವಳ ಬೊಂಬೆ ನೆಲಕ್ಕೆ ಉರುಳಿತು. ಅಷ್ಟರಲ್ಲಿ ಇನ್ನೊಂದು ಗೂಡಿನಲ್ಲಿದ್ದ ಸೌಂದರ್ಯಾಳ ಬೊಂಬೆ ಓಡಿಬಂದು, ಬಿದ್ದವಳ ಮೈಮೇಲೆಯೇ ಕಾಲಿಟ್ಟು ದಾಟಿ, ಪಿಶಾಚಿಯನ್ನು ಹೊಡೆಯಿತು. ಮತ್ತೆ ತಿರುಗಿ ಬಂತು. ಒಮ್ಮೆ ಮೊಣಕಾಲು ಮಡಚಿ ಬಾಗಿ, ಎದ್ದು, ಆಮೇಲೆ ಎಬ್ಬಿಸಿತು.

ಭಾಗ ಮುಗಿದದ್ದೇ ತಡ ಜಯಮಾಲಾ ಹೆಡ್‌ಫೋನ್ ಕಿತ್ತೊಗೆದು ಹೊರಗೆ ಬಂದಳು.

“ರಾಜಶೇಖರ್, ಹೊರಗ ಬರ್ರಿ.”

ರಾಜಶೇಖರ ಈ ಕಂಪನಿಯ ಮಾಲೀಕ. ಅಮರಗೋಳದ ಅರಳೆ ವ್ಯಾಪಾರಿಯ ಮಗ. ನಗುವನ್ನು ಇಸ್ತ್ರಿ ಮಾಡಿಸಿ ತೊಟ್ಟುಕೊಂಡವನ ಹಾಗೆ ಗೂಡಿನಿಂದ ಹೊರಬಂದ. ನಾಲ್ವರಿಲ್ಲದೆ ಆಟದ ಪರೀಕ್ಷೆ ಸಾಗದು ಎಂಬ ಒಂದೇ ಕಾರಣಕ್ಕೆ ಸತ್ತವನ ಕುರ್ಚಿಯಲ್ಲಿ ಪತ್ತೇದಾರಿಣಿಯನ್ನೂ ಕೂರಿಸಲು ಒಪ್ಪಿದ ಮಹಾನುಭಾವ.

“ಹೆಂಗನಸ್ತ್ರಿ ಮೇಡಂ? ಆಟ ಕೊಳ್ಳೂ ಪುಣೆದ ಕಂಪನಿಗೆ ಇವತ್ತ ಸಂಜಿಗೆ ರಿಪೋರ್ಟ್ ಕಳಸಬೇಕು. ನೀವೂ ನಾಕು ಮಾತು ಹೇಳ್ರಿ.”

“ಆಟ ಛಲೋ ಐತ್ರಿ. ಅದಕ್ಕ ಹೆಚ್ಚು ಸಿಟ್ಟು ಬರಾಕತ್ತೈತಿ. ಗುಂಡು ಕಡಿಮಿ ಕೊಟ್ಟೀರಿ, ಬ್ಯಾಟರಿ ಒಬ್ಬರ ಕೈಯಾಗಷ್ಟ ಇಟ್ಟೀರಿ. ಜೋಡಿ ಇದ್ದವರನ್ನ ಬಿಟ್ರ ಗತಿ ಇಲ್ಲ ಅನ್ನೂ ಹಂಗ ಮಾಡೀರಿ. ಪಿಶಾಚಿಕಿಂತ, ಜೋಡಿದಾರ ಬರ್ತಾನೋ ಇಲ್ಲೋ ಅನ್ನೂದ ದೊಡ್ಡ ಹೆದರಿಕಿ. ಇಷ್ಟು ತಿಳದಾಂವಗ, ನಮ್ಮಕ್ಕನ ಮಾರಿ ತಗೊಂಡು ಪಿಶಾಚಿಗೆ ಹಚ್ಚಬಾರದು ಅನ್ನೂದು ತಿಳೀಲಿಲ್ಲೇನ್ರಿ?”

ರಾಜಶೇಖರನ ನಗು ಸ್ವಲ್ಪವೂ ಸುಕ್ಕಾಗಲಿಲ್ಲ. “ಅದೇನ್ರಿ? ಈ ಶೆಡ್ಡಿನ ಪೂಜಾದ ದಿವಸ ಬಂದವರ ಎಲ್ಲಾರ ಮಾರೀನೂ ಕ್ಯಾಮೆರಾದಾಗ ತಗೊಂಡಿದ್ವಿ. ಸತ್ಯವ್ವ ಟೀಚರೂ ನಕ್ಕೋತ ಕುಂತಿದ್ರು. ಖರೇ ಮನಷ್ಯಾರ ಮಾರಿ ಇದ್ರ ಆಟ ನೈಜ ಆಗತೈತ್ರಿ.”

“ನಿಮ್ಮವ್ವಾರ ಮಾರಿ ಯಾವ ಪಿಶಾಚಿಗೆ ಹಚ್ಚೀರಿ?”

ರಾಜಶೇಖರ ಮೊಬೈಲು ತೆಗೆದು ಹೊತ್ತು ನೋಡಿಕೊಂಡ.

“ನಮ್ಮ ಅಬ್ಬಾನ ಮಾರೀನೂ ಐತ್ರಿ ಮೇಡಂ,” ಎಂದಳು ಅಬೀದಾ. “ಕೊಡ್ಲಿ ಹಿಡಕೊಂಡು ಬಾಯ್ಲರ್ ಹಂತೇಕ ನಿಂತಿತ್ತಲ್ರಿ, ಅದು.”

ಮೂರನೇ ಗೂಡಿನ ಬಾಗಿಲಿಗೆ ಒರಗಿ ನಿಂತಿದ್ದವನು ಗೌತಮ. ಸತ್ಯವ್ವನ ಒಬ್ಬನೇ ಮಗ. ಅಬೀದಾಳನ್ನು ಬೆಳಗ್ಗೆ ತನ್ನ ಚಿಕ್ಕಮ್ಮನ ಮಾಳಿಗೆಗೆ ಕರೆತಂದು, ಹೇಗಾದರೂ ಮಾಡಿ ಕಮರುದ್ದೀನ ಕಾಕಾನನ್ನು ಬಿಡಿಸು ಎಂದು ಕೇಳಿಕೊಂಡವನೂ ಅವನೇ. ಜಯಮಾಲಾ ಅವನತ್ತ ತಿರುಗಿದಳು.

“ನಿನಗ ಗೊತ್ತಿತ್ತೇನು?”

“ಗೊತ್ತಿತ್ತು ಚಿಗವ್ವ.”

“ಅವ್ವಗ ಹೇಳಿದ್ಯೇನು?”

“ಹೆಂಗ ಹೇಳ್ಲಿ? ದಿನಾ ಮುಂಜಾನೆ ಅಕೀ ಕಟ್ಟಿಕೊಟ್ಟ ಬುತ್ತಿ ತಗೊಂಡು ಬಂದು, ಅಕೀ ಮಾರಿಗೆ ಗುಂಡು ಹೊಡೀತೇನಿ. ಅದಕ್ಕ ಪಗಾರ ತಗೋತೇನಿ.”

ನೆಲ ನೋಡುತ್ತಲೇ ಹೇಳಿದ. ಇನ್ನೊಂದು ಗಳಿಗೆ ಅವನ ಮುಖವನ್ನು ನೋಡಿದ್ದರೆ ಜಯಮಾಲಾಳಿಗೆ ಏನಾದರೂ ಹೊಳೆಯುತ್ತಿತ್ತೋ ಏನೋ. ಆದರೆ ಅವಳ ಸಿಟ್ಟೆಲ್ಲ ಆಗ ರಾಜಶೇಖರನ ಮೇಲಿತ್ತು. ಈ ಮನುಷ್ಯನೇ ಕೊಲೆಗಾರನಾಗಿರಬೇಕು ಎಂದು ಅವಳ ಮನಸ್ಸು ಹಟ ಹಿಡಿದಿತ್ತು. ಹಾಗೆ ಹಟ ಹಿಡಿದ ಮನಸ್ಸು ಪತ್ತೇದಾರಿಕೆಗೆ ಒಳ್ಳೆಯದಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಿಡಲಿಲ್ಲ.

ತೊಂದರೆ ಇದ್ದದ್ದು ರೆಕಾರ್ಡಿಂಗಿನಲ್ಲಿ. ಪರೀಕ್ಷೆಯ ಆಟವೆಲ್ಲ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ, ಕರೆಂಟ್ ಹೋದರೂ ಬ್ಯಾಟರಿಯ ಮೇಲೆ ನಡೆಯುತ್ತದೆ. ಪೊಲೀಸರು ಬಂದು ಅದನ್ನು ನೋಡಿದ್ದರು. ಪ್ರತಾಪ ಸತ್ತ ಹೊತ್ತಿಗೆ ರಾಜಶೇಖರ, ಸೌಂದರ್ಯಾ, ಗೌತಮ ಮೂವರ ಬೊಂಬೆಗಳೂ ಆಟದಲ್ಲಿ ಓಡಾಡುತ್ತಿದ್ದವು. ಅಂದಮೇಲೆ ಮೂವರೂ ಕುರ್ಚಿಯಲ್ಲಿದ್ದರು, ಹೊರಗಿದ್ದವನು ಕಮರುದ್ದೀನ ಒಬ್ಬನೇ ಎಂದು ಲೆಕ್ಕ ಮುಗಿಸಿ ಎದ್ದಿದ್ದರು. ಚಹಾ ಆರುವುದರೊಳಗೆ ಮುಗಿದ ತನಿಖೆ ಅದು.

“ಸೌಂದರ್ಯಾ,” ಎಂದಳು ಜಯಮಾಲಾ. “ನನ್ನ ಎಬ್ಬಸೂ ಮೊದಲ ಒಮ್ಮಿ ಬಾಗಿದ್ಯಲ್ಲ, ಅದೇನದು?”

ಸೌಂದರ್ಯಾ ಸಂಕೋಚದಿಂದ ನಕ್ಕಳು. ಓದು ಮುಗಿಸಿ ನೇರ ಇಲ್ಲಿಗೆ ಕೆಲಸಕ್ಕೆ ಬಂದ ಹುಡುಗಿ. “ನಿಮ್ಮ ಮೈಮ್ಯಾಲೆ ಕಾಲಿಟ್ಟು ದಾಟಿದ್ನೆಲ್ರಿ ಅಕ್ಕಾರ. ಕಾಲು ತಾಗಿದ್ರ ಮುಟ್ಟಿ ನಮಸ್ಕಾರ ಮಾಡ್ತೇವಲ್ರಿ. ಆಟದಾಗ ಕೈ ಮುಗಿಯೂ ಬಟನ್ ಇಲ್ಲ, ಅದಕ್ಕ ಒಮ್ಮಿ ಬಾಗತೇವ್ರಿ.”

“ಎಲ್ಲಾರೂ?”

“ಎಲ್ಲಾರೂ ರಿ. ಪ್ರತಾಪ ಹಚ್ಚಿದ ರೂಢಿ. ಮೊದಲ ಚಾಷ್ಟಿಗೆ ಮಾಡ್ತಿದ್ವಿ, ಈಗ ಬೆರಳು ತಾವ ಹೋಗತಾವ್ರಿ.”

“ಪುಣೆದವರೂ ಕೇಳಿದ್ರು,” ಎಂದ ರಾಜಶೇಖರ, “ನಿಮ್ಮ ಹುಡುಗೂರು ನಡುನಡುವ ಯಾಕ ಕುಂತು ಏಳ್ತಾರಂತ.”

ಜಯಮಾಲಾ ಅವನನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸೌಂದರ್ಯಾಳನ್ನೇ ಕೇಳಿದಳು. “ಆಡಾಕತ್ತವರು ನಡುವ ಎದ್ದು ಹೋದ್ರ ಏನಾಗತೈತಿ?”

“ಜರಾ ಹೊತ್ತು ನೋಡಿ ಕಂಪ್ಯೂಟರ್ರ ಆ ಬೊಂಬಿನ್ನ ನಡಸತೈತ್ರಿ. ಇಲ್ಲಂದ್ರ ಉಳಿದವರು ಸಾಯ್ತಾರಲ್ರಿ. ಪ್ರತಾಪಂದೂ ಹಂಗ ಆಗಿತ್ತು. ಅಂವ ಎದ್ದು ಹೋಗಿದ್ದು ನಮಗ್ಯಾರಿಗೂ ಗೊತ್ತಾಗ್ಲೇ ಇಲ್ಲ.”

“ಕಂಪ್ಯೂಟರ್ ನಡಸೂ ಬೊಂಬಿ ಬಾಗತೈತೇನು?”

ಸೌಂದರ್ಯಾಳ ನಗು ಅಲ್ಲಿಗೇ ನಿಂತಿತು. ಅವಳು ಮಾಲೀಕನ ಮುಖ ನೋಡಿ, ಆಮೇಲೆ ಅಬೀದಾಳ ಮುಖ ನೋಡಿದಳು.

“ಇಲ್ರಿ ಅಕ್ಕಾರ. ಕಾಲು ತಾಗಿದ್ದು ಅದಕ್ಕೇನು ಗೊತ್ತಾಗತೈತ್ರಿ.”

“ಅವತ್ತಿನ ರೆಕಾರ್ಡಿಂಗ್ ಹಚ್ಚರಿ.”

“ಅದು ಕಂಪನಿ ಗುಟ್ರಿ ಮೇಡಂ,” ಎಂದ ರಾಜಶೇಖರ. “ಪೊಲೀಸರು ನೋಡಿ ಹೋಗ್ಯಾರಲ್ಲ, ನಿಮಗ್ಯಾಕ್ರಿ ಮತ್ತ—”

“ಹಚ್ಚು.”

ಅವಳ ಮಾತಿನಿಂದ ‘ರಿ’ ಉದುರಿಹೋಗಿತ್ತು. ಹುಬ್ಬಳ್ಳಿಯಲ್ಲಿ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ. ಸೌಂದರ್ಯಾ ಮಾಲೀಕನ ಅಪ್ಪಣೆಗೆ ಕಾಯದೆ ಹೋಗಿ ದೊಡ್ಡ ಪರದೆಯ ಮೇಲೆ ರೆಕಾರ್ಡಿಂಗ್ ಹಾಕಿದಳು.

ಎಲ್ಲರೂ ನಿಂತೇ ನೋಡಿದರು. ತಗಡಿನ ಮಾಡು ಮಧ್ಯಾಹ್ನದ ಬಿಸಿಲಿಗೆ ಕಾದು ಚಟಚಟ ಎನ್ನುತ್ತಿತ್ತು.

ಪರದೆಯ ಮೇಲೆ ನಾಲ್ಕು ಬೊಂಬೆಗಳು ಗಿರಣಿಯ ಕಿರಿದಾದ ಓಣಿಯಲ್ಲಿ ನುಗ್ಗಿದವು. ಒಂದು ಬಿದ್ದರೆ ಇನ್ನೊಂದು ದಾಟುತ್ತಿತ್ತು, ಬಾಗುತ್ತಿತ್ತು, ಎಬ್ಬಿಸುತ್ತಿತ್ತು. ಪ್ರತಾಪನ ಬೊಂಬೆಯಂತೂ ಎರಡೆರಡು ಸಲ ಬಾಗುತ್ತಿತ್ತು. ಸೌಂದರ್ಯಾ ಮೂಗೊರೆಸಿಕೊಂಡಳು. ಸ್ವಲ್ಪ ಹೊತ್ತಿಗೆ ಪ್ರತಾಪನ ಬೊಂಬೆ ಬಾಗುವುದನ್ನು ಬಿಟ್ಟಿತು. ಅವನು ಎದ್ದುಹೋಗಿ ಆಗಿತ್ತು.

ಗೌತಮನ ಬೊಂಬೆ ಹತ್ತಿಯ ಅಂಡಿಗೆಗಳ ಪಕ್ಕದಲ್ಲಿ ಬಿತ್ತು. ರಾಜಶೇಖರನ ಬೊಂಬೆ ಬಂತು. ಅವನ ಎದೆಯ ಮೇಲೆ ಕಾಲಿಟ್ಟು ಆಚೆ ದಾಟಿತು, ಪಿಶಾಚಿಯನ್ನು ಹೊಡೆಯಿತು, ತಿರುಗಿ ಬಂದು ಎಬ್ಬಿಸಿತು.

ಬಾಗಲಿಲ್ಲ.

“ಹಿಂದಕ ಹಚ್ಚು,” ಎಂದಳು ಜಯಮಾಲಾ. ಮತ್ತೆ ನೋಡಿದರು. ಬಾಗಲಿಲ್ಲ. ಅಲ್ಲಿಂದ ಮುಂದೆ ಎಷ್ಟು ಸಲ ದಾಟಿದರೂ ಅದು ಬಾಗಲಿಲ್ಲ.

ಜಯಮಾಲಾ ರಾಜಶೇಖರನ ತೀರ ಹತ್ತಿರ ಹೋಗಿ ನಿಂತಳು. “ಎಲ್ಲಿ ಹೋಗಿದ್ದಿ?”

“ನಾನಾ? ಇಲ್ಲೇ—”

“ಇಲ್ಲೇ ಇದ್ದೆ ಅಂತ ಇನ್ನೊಮ್ಮಿ ಅಂದ್ರ, ಈ ಹುಡುಗಿ ಅಪ್ಪನ್ನ ಒಳಗ ಹಾಕಿಸಿದ ಬಾಯಿ ಇದ ಅಂತ ತಿಳೀತೇನಿ. ಒಬ್ಬ ಬಡವಾ ನಿನ್ನ ಸುಳ್ಳಿನ ಸಲುವಾಗಿ ನಾಳೆ ಜೈಲಿಗೆ ಹೊಂಟಾನ. ನೀ ಇಲ್ಲಿ ನಿಂತು ರಿಪೋರ್ಟು, ಪುಣೆ ಅಂತೀ. ಎಲ್ಲಿ ಹೋಗಿದ್ದಿ?”

ಇಸ್ತ್ರಿ ಮಾಡಿದ ನಗು ಕೊನೆಗೂ ಮುದುಡಿತು. ರಾಜಶೇಖರ ಅಂಗಿಯ ಕಾಲರು ಸಡಿಲಿಸಿಕೊಂಡ.

“ಎದ್ದು ಹೋಗಿದ್ದು ಖರೇ ರಿ. ಗೇಟಿನ ಹೊರಗ ಶೇವಂತೆವ್ವನ ಚಹಾದಂಗಡಿ ಹಂತೇಕ ನಿಂತು ಫೋನಿನ್ಯಾಗ ಮಾತಾಡಾಕತ್ತಿದ್ದೆ. ಪರೀಕ್ಷಾದಾಗ ಯಾರೂ ನಡುವ ಏಳಬಾರದಂತ ಪುಣೆದವರದು ಕರಾರು ಐತ್ರಿ. ಎದ್ದೆ ಅಂದ್ರ ಎಲ್ಲಾ ಮತ್ತ ಮೊದಲಿಂದ ಆಡಬೇಕು. ಅದಕ್ಕ ಸುಮ್ಮನಾದೆ.”

“ಅದಕ್ಕ ಒಬ್ಬನ್ನ ಜೈಲಿಗೆ ಕಳಿಸಿದಿ. ಚಿಲಕಾ ಹಾಕಿದ್ದೂ ನೀನ.”

“ಅಲ್ರಿ. ಶೇವಂತೆವ್ವನ್ನ ಕೇಳ್ರಿ.”

“ಕೇಳೂದು ಬ್ಯಾಡ್ರಿ ಮೇಡಂ.”

ಅಂದವಳು ಅಬೀದಾ. ಎಲ್ಲರೂ ಅವಳತ್ತ ತಿರುಗಿದರು.

“ಮುಂಜಾನೆ ನಾ ಶೇವಂತೆವ್ವನ್ನ ಕೇಳಿದ್ದೆ. ಅವತ್ತು ಕರೆಂಟ್ ಹೋಗಿ ಜನರೇಟರ್ ಸಪ್ಪಳ ಸುರು ಆದಾಗ ಈ ಸಾಹೇಬ್ರು ಅಕೀ ಅಂಗಡಿ ಮುಂದ ನಿಂತು ಫೋನಿನ್ಯಾಗ ಜಗಳಾ ತೆಗೆದಿದ್ರಂತ. ಭಾಳ ಹೊತ್ತಿಂದ ಅಲ್ಲೇ ಇದ್ರಂತ. ನನಗ ಇವ್ರ ಮ್ಯಾಲೆ ಎಷ್ಟು ಸಿಟ್ಟು ಐತಂತ ದೇವ್ರಿಗೇ ಗೊತ್ತು. ಆದ್ರ ಖರೇ ಇದ್ದದ್ದು ಹೇಳಬೇಕಲ್ರಿ.”

ಜಯಮಾಲಾಳ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಬೀದಾಳ ಪ್ರಾಮಾಣಿಕತೆಯ ಮೇಲೂ ಅವಳಿಗೆ ಒಂದು ಕ್ಷಣ ಸಿಟ್ಟು ಬಂತು. ಅಪ್ಪನ ಕೊರಳಿಗೆ ಹಗ್ಗ ಬಿದ್ದಿರುವಾಗಲೂ ಎದುರಾಳಿಯ ಪರ ನಿಜ ನುಡಿಯುವ ಹುಡುಗಿಗೆ ಏನು ಹೇಳುವುದು. ಅವಳು ಸೊಂಟದ ಮೇಲೆ ಕೈಯಿಟ್ಟು ಪರದೆಯತ್ತ ತಿರುಗಿದಳು.

ರೆಕಾರ್ಡಿಂಗ್ ತನ್ನಷ್ಟಕ್ಕೆ ಓಡುತ್ತಲೇ ಇತ್ತು. ಸೌಂದರ್ಯಾಳ ಬೊಂಬೆ ಮೆಟ್ಟಿಲ ಬುಡದಲ್ಲಿ ಬಿತ್ತು. ಗೌತಮನ ಬೊಂಬೆ ಕೆಳಗಿಳಿದು ಬಂತು. ಅವಳ ಬೆನ್ನಿನ ಮೇಲೆ ಕಾಲಿಟ್ಟು ದಾಟಿತು, ತಿರುಗಿ ಬಂತು, ಎಬ್ಬಿಸಿತು.

ಬಾಗಲಿಲ್ಲ.

ಜಯಮಾಲಾಳ ಕೈ ಮುಂದೆ ಹೋಗಿ ರೆಕಾರ್ಡಿಂಗ್ ನಿಲ್ಲಿಸಿತು.

ಸೌಂದರ್ಯಾ ಕಣ್ಣೊರೆಸಿಕೊಳ್ಳುತ್ತಿದ್ದಳು, ರಾಜಶೇಖರ ನೆಲ ನೋಡುತ್ತಿದ್ದ. ನೋಡಿದವಳು ತಾನೊಬ್ಬಳೇ ಎಂದು ಅವಳಿಗೆ ತಿಳಿಯಿತು. ಧಾರವಾಡದ ಮನೆಯಲ್ಲಿ ಅಕ್ಕ ಈ ಬೆಳಗ್ಗೆಯೂ ಮಗನಿಗೆಂದು ರೊಟ್ಟಿ ತಟ್ಟಿ ಬುತ್ತಿ ಕಟ್ಟಿರುತ್ತಾಳೆ ಎಂದು ನೆನಪಾಯಿತು.

“ಯಾಕ ನಿಲ್ಲಿಸಿದ್ರಿ ಮೇಡಂ?” ಎಂದಳು ಅಬೀದಾ. “ಏನರ ಕಂಡ್ರೇನು?”

ಜಯಮಾಲಾ ಬಾಯಿ ತೆರೆಯುವ ಮೊದಲೇ ಗೌತಮ ಮಾತಾಡಿದ.

“ನೀ ಕಂಡಿದ್ದು ಬರೋಬರಿ ಐತಿ ಚಿಗವ್ವ. ನಾನೂ ಅವತ್ತ ಹಂಗ ಕಂಡಿದ್ದೆ. ಈ ರಾಜಶೇಖರನ ಬೊಂಬಿ ನನ್ನ ಎದಿ ಮ್ಯಾಲೆ ಕಾಲಿಟ್ಟು ಹೋತು, ಬಾಗಲಿಲ್ಲ. ಇಂವ ಕುರ್ಚ್ಯಾಗಿಲ್ಲ ಅಂತ ಆವಾಗ ತಿಳೀತು. ನಡುವ ಎದ್ದ ಅಂದ್ರ ಜನರೇಟರ್ ಖೋಲ್ಯಾಗ ಸಿಗರೇಟ್ ಸೇದೂದು ಇವನ ಚಟ. ಹಿಂದಿನ ದಿವಸ ಕೈ ಮುಗದು ಕೇಳಿದ್ದೆ, ನಮ್ಮವ್ವನ ಮಾರಿ ತಗೀರಿ ಅಂತ. ಪುಣೆದವರಿಗೆ ಅದ ಭಾಳ ಸೇರೇತಿ ಅಂತ ನಕ್ಕ.”

ಗೌತಮ ಜನರೇಟರ್ ಕೋಣೆಯ ಕಡೆಗೆ ಕೈ ತೋರಿಸಿದ.

“ಹೋದೆ. ಬಾಗಲಾ ಮುಚ್ಚಿತ್ತು, ಒಳಗಿಂದ ಸಿಗರೇಟ್ ವಾಸನಿ ಬರಾಕತ್ತಿತ್ತು. ಕತ್ತಲ್ಯಾಗ ಒಂದೀಟು ಹೊತ್ತು ಹೆದರ್ಲಿ, ಹೆದರಿಕಿ ಅಂದ್ರೇನಂತ ತಿಳೀಲಿ ಅಂತ ಚಿಲಕಾ ಹಾಕಿ ಬಂದೆ. ಆಟ ಮುಗಿಸಿ ತೆಗೀಬೇಕಂತಿದ್ದೆ. ಒಳಗ ಯಾರದಾರಂತ ನೋಡ್ಲೇ ಇಲ್ಲ.”

“ಜನರೇಟರ್?” ಎಂದಳು ಜಯಮಾಲಾ.

“ಬಂದ್ ಇತ್ತು ಚಿಗವ್ವ.”

ಅಬೀದಾ ಗೋಡೆಗೆ ಕೈಯೂರಿದಳು. “ಆಮ್ಯಾಲೆ ಕರೆಂಟ್ ಹೋತು,” ಎಂದಳು ಮೆಲ್ಲಗೆ. “ಅಬ್ಬಾ ದಿನದಂಗ ಹೊರಗಿನ ಗುಂಡಿ ಒತ್ತಿ ಹೋದ. ಒಳಗ ಮನಷ್ಯಾ ಅದಾನಂತ ಅವಗೂ ಗೊತ್ತಿಲ್ಲ. ಆ ಸಪ್ಪಳದಾಗ ಕೂಗಿದ್ರೂ ಯಾರಿಗೆ ಕೇಳತೈತಿ.” ಅವಳು ಗೌತಮನನ್ನು ನೋಡಿದಳು. “ಮುಂಜಾನೆ ನಮ್ಮ ಅಬ್ಬಾನ ಕೈಗೆ ಬೇಡಿ ಹಾಕಿದಾಗ ನನ್ನ ಬಾಜೂಕ ನಿಂತಿದ್ಯಲ್ಲ ಗೌತಮ. ಆವಾಗ ಯಾಕ ಹೇಳ್ಲಿಲ್ಲ?”

“ಧೈರ್ಯ ಸಾಲಲಿಲ್ಲ. ಅದಕ್ಕ ಚಿಗವ್ವನ ಕಡೆ ನಿನ್ನ ಕರಕೊಂಡು ಹೋದೆ. ಅಕಿ ಹುಡುಕೇ ಹುಡುಕತಾಳಂತ ಗೊತ್ತಿತ್ತು.”

ಅಷ್ಟು ಹೊತ್ತೂ ರಾಜಶೇಖರ ಬಿಳಿಚಿಕೊಂಡು ನಿಂತಿದ್ದ. ಪ್ರತಾಪನಿಗೆ ಬಂದ ಸಾವು ತನ್ನ ಪಾಲಿಗೆ ಬರಬೇಕಾಗಿದ್ದದ್ದು ಎನ್ನುವುದು ಅವನ ತಲೆಗಿಳಿಯಲು ಸ್ವಲ್ಪ ಸಮಯ ಹಿಡಿಯಿತು. ಇಳಿದ ಮೇಲೆ ಅವನ ಮುಖದಲ್ಲಿ ಹೆದರಿಕೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ವ್ಯಾಪಾರಿಯ ಮಗ, ಎಲ್ಲಿ ಏನು ಉಳಿಯುತ್ತದೆ ಎಂದು ಆಗಲೇ ಹುಡುಕತೊಡಗಿದ್ದ. ಮೆಲ್ಲಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತ.

“ಮೇಡಂ,” ಎಂದ. “ಪೊಲೀಸರು ಇದನ್ನ ಇಲ್ಲೇ ನೋಡಿ ಹೋಗ್ಯಾರ, ನಕಲು ತಗೊಂಡಿಲ್ಲ. ಇದೊಂದ ಐತಿ. ನಾ ಇದನ್ನ ಅಳಿಸಿಬಿಡತೇನಿ. ನಾ ಎದ್ದು ಹೋಗಿದ್ದು ಯಾರಿಗೂ ತಿಳಿಯೂದಿಲ್ಲ, ನನ್ನ ಆಟ ಉಳೀತೈತಿ. ನಿಮ್ಮ ಅಕ್ಕನ ಮಗಾನೂ ಉಳೀತಾನ. ಸೌಂದರ್ಯಾ ನಮ್ಮ ಹುಡುಗಿ, ಮಾತಾಡೂದಿಲ್ಲ.”

“ನಾನೂ ಇಲ್ಲೇ ಅದೇನಲ್ರಿ,” ಎಂದಳು ಅಬೀದಾ.

ರಾಜಶೇಖರ ಅವಳತ್ತ ತಿರುಗಿಯೂ ನೋಡಲಿಲ್ಲ. “ಪೊಲೀಸರು ಹಿಡದವನ ಮಗಳ ಮಾತು ಯಾರು ಕೇಳ್ತಾರ್ರಿ. ಅಪ್ಪನ್ನ ಉಳಿಸಿಕೊಳ್ಳಾಕ ಏನರ ಹೇಳ್ತಾಳ ಅಂತಾರ.”

ಅವನ ಬೆರಳು ಕೀಲಿಯ ಮೇಲೆ ಬಂದು ನಿಂತಿತು. “ಹೇಳ್ರಿ ಮೇಡಂ. ಒತ್ತಲ್ಯಾ?”

“ಬ್ಯಾಡ ಅನ್ನು ಚಿಗವ್ವ,” ಎಂದ ಗೌತಮ. ಆದರೆ ಅವನ ದನಿಯಲ್ಲಿ ಬಲವಿರಲಿಲ್ಲ. ಅವನ ಕಣ್ಣು ಬೇರೆಯದೇ ಕೇಳುತ್ತಿತ್ತು.

ಅಬೀದಾ ಗೋಡೆಯಿಂದ ಕೈ ತೆಗೆದಳು. ಜಯಮಾಲಾಳ ಮುಖವನ್ನೇ ನೋಡುತ್ತ ನಿಂತಳು. ಕಾದಳು. ಬರುವ ಉತ್ತರ ಬೇಗ ಬರಬೇಕಿತ್ತು.

ಬೆಳಗಿನಿಂದ ಪೊಲೀಸರ ಮೇಲೆ, ರಾಜಶೇಖರನ ಮೇಲೆ, ಸುಳ್ಳು ಹೇಳಿದವರೆಲ್ಲರ ಮೇಲೆ ಹರಿಹಾಯ್ದ ಜಯಮಾಲಾಳಿಗೆ ಈಗ ಎಲ್ಲರಿಗಿಂತ ಹೆಚ್ಚು ತನ್ನ ಮೇಲೇ ಸಿಟ್ಟು ಬಂತು. ಯಾಕೆಂದರೆ ‘ಬೇಡ’ ಎಂಬ ಆ ಒಂದು ಮಾತು ಅವಳ ಗಂಟಲಲ್ಲೇ ನಿಂತಿತ್ತು. ಅದು ನಿಂತಿದೆ ಎಂದು ಅಬೀದಾಳಿಗೂ ಗೊತ್ತಾಗಿತ್ತು.